ಮೊದಲ ಹೊಡೆತ ಮಾತ್ರ ಮೇಲಕ್ಕೆ: ಮಳೆಗಾಲದಲ್ಲಿ ಒಂದು ಏರ್ ರೈಫಲ್ ದುರಸ್ತಿ

ದೂರು ಇಷ್ಟು. ರೈಫಲನ್ನು ಸ್ವಲ್ಪ ಹೊತ್ತು ಸುಮ್ಮನೆ ಇಟ್ಟು ಮತ್ತೆ ಹೊಡೆದರೆ ಮೊದಲ ಪೆಲೆಟ್ (ಸೀಸದ ಸಣ್ಣ ಗುಂಡು) ಗುರಿಹಲಗೆಯಲ್ಲಿ ನೇರವಾಗಿ ಮೇಲಕ್ಕೆ, ಒಂಬತ್ತರ ವಲಯಕ್ಕೆ ಹೋಗಿ ಕೂರುತ್ತದೆ. ಎರಡನೆಯದು ಅದಕ್ಕಿಂತ ಕೆಳಗೆ. ನಾಲ್ಕೈದು ಹೊಡೆತಗಳಾಗುವಷ್ಟರಲ್ಲಿ ಎಲ್ಲವೂ ಹತ್ತಕ್ಕೆ ಬಂದು ನಿಲ್ಲುತ್ತವೆ. ವಿರಾಮ ಕೊಟ್ಟರೆ ಪುನಃ ಅದೇ ರಾಗ. ಇದರ ಜತೆಗೆ, ಸಂಜೆ 200 ಬಾರ್ ಒತ್ತಡಕ್ಕೆ ಗಾಳಿ ತುಂಬಿಸಿ ರೈಫಲ್‌ಗೆ ಹಾಕಿಟ್ಟ ಸಿಲಿಂಡರ್ ಬೆಳಿಗ್ಗೆ ನೋಡಿದರೆ 160ಕ್ಕೆ ಇಳಿದಿರುತ್ತದೆ.

ಕ್ಲಬ್ಬಿನಲ್ಲಿ ಇದಕ್ಕೆ ತಲೆಗೊಂದು ಕಾರಣ ಹೇಳುತ್ತಿದ್ದರು. ನಳಿಗೆ ಸವೆದಿದೆ ಎಂದು ಕೋಚ್. ಪೆಲೆಟ್ ಡಬ್ಬಿ ಹಳೆಯದು ಎಂದು ಇನ್ನೊಬ್ಬರು. ಅದರಲ್ಲಿ ಅಭ್ಯಾಸ ಮಾಡುವ ಹುಡುಗಿಯ ಉಸಿರಾಟವೇ ಸರಿಯಿಲ್ಲ ಎಂದು ಯಾರೋ ಹೇಳಿದ್ದು ಕೇಳಿ ನನಗೆ ಸಿಟ್ಟು ಬಂತು. ಉಸಿರಾಟದ ತಪ್ಪು ಪ್ರತಿ ಸಲವೂ ಮೊದಲ ಹೊಡೆತಕ್ಕೇ ಕಾಣಿಸಿಕೊಂಡು ಐದನೆಯದರ ಹೊತ್ತಿಗೆ ತಾನಾಗಿ ವಾಸಿಯಾಗುವುದಿಲ್ಲ.

ರೈಫಲ್ ಉಡುಪಿ ಕಡೆಯ ಒಂದು ಸಣ್ಣ ಶೂಟಿಂಗ್ ಕ್ಲಬ್ಬಿನದು. ಜರ್ಮನಿಯಲ್ಲಿ ತಯಾರಾದದ್ದು, 4.5 ಮಿ.ಮೀ. ನಳಿಗೆ, 10 ಮೀಟರ್ ಸ್ಪರ್ಧೆಗೆಂದೇ ಮಾಡಿದ ಪಿಸಿಪಿ. ಅಂದರೆ ಗಾಳಿಯನ್ನು ಮೊದಲೇ ಸಿಲಿಂಡರಿಗೆ ಒತ್ತಿ ತುಂಬಿಸಿಟ್ಟು, ಹೊಡೆತಕ್ಕೆ ಇಷ್ಟಿಷ್ಟೇ ಬಿಡುವ ಬಗೆ. ಮೈಮೇಲೆ ಪಂಚಕೋನದೊಳಗೆ ಎಫ್ ಅಕ್ಷರದ ಮುದ್ರೆ ಇದೆ, ಶಕ್ತಿ 7.5 ಜೌಲ್ ಮೀರುವುದಿಲ್ಲ ಎಂಬುದಕ್ಕೆ ಜರ್ಮನಿಯಲ್ಲಿ ಹಾಕುವ ಗುರುತು ಅದು. ಪಿಸಿಪಿ ಟ್ಯೂನಿಂಗ್ ಎಂದ ಕೂಡಲೇ ಶಕ್ತಿ ಏರಿಸುವುದು ಹೇಗೆ ಎಂದು ಕೇಳುವವರೇ ಹೆಚ್ಚು. ಅಂಥವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಹತ್ತು ಮೀಟರ್ ಆಟಕ್ಕೆ ಬೇಕಾಗಿರುವುದು ಎಲ್ಲ ಪೆಲೆಟ್‌ಗಳೂ ಒಂದೇ ವೇಗದಲ್ಲಿ ಹೊರಡುವುದು.

ಹೊಟ್ಟೆಪಾಡಿಗೆ ನಾನು ಆಸ್ಪತ್ರೆಗಳ ಉಪಕರಣ ರಿಪೇರಿ ಮಾಡುವವನು. ಆಮ್ಲಜನಕದ ರೆಗ್ಯುಲೇಟರ್‌ಗಳನ್ನು ಬಿಚ್ಚಿ ಅಭ್ಯಾಸವಿದೆ. ಆ ಧೈರ್ಯದ ಮೇಲೆ ಕೆಲಸ ಒಪ್ಪಿಕೊಂಡೆ.

ಜುಲೈ 6, ಭಾನುವಾರ: ಬಿಚ್ಚುವ ಮೊದಲು ಅಳತೆ

ನಳಿಗೆಯ ತುದಿಗೆ ಸಿಕ್ಕಿಸಿ ವೇಗ ಅಳೆಯುವ ಸಣ್ಣ ಕ್ರೋನೋಗ್ರಾಫ್ ಒಂದನ್ನು ಎರವಲು ತಂದೆ. ಪೆಲೆಟ್ 0.53 ಗ್ರಾಂನದು, ಎಲ್ಲವೂ ಒಂದೇ ಡಬ್ಬಿಯವು. ರಾತ್ರಿಯಿಡೀ ಇಟ್ಟಿದ್ದ ರೈಫಲ್‌ನಿಂದ ಬಂದ ವೇಗ, ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ:

184, 177, 173, 171, 169, 168, 168, 169, 168, 168.

ಇಪ್ಪತ್ತು ನಿಮಿಷ ಬಿಟ್ಟು ಮತ್ತೆ: 175, 171, 169, 168.

ಈ ಎರಡು ಸಾಲು ಬರೆದುಕೊಂಡ ಮೇಲೆ ನಳಿಗೆ, ಪೆಲೆಟ್, ಉಸಿರಾಟ ಮೂರನ್ನೂ ಪಟ್ಟಿಯಿಂದ ಹೊಡೆದು ಹಾಕಿದೆ. ಸವೆದ ನಳಿಗೆ ಪೆಲೆಟ್‌ಗಳನ್ನು ಎಲ್ಲ ಕಡೆಗೂ ಚದುರಿಸೀತೇ ಹೊರತು, ಹೀಗೆ ಮೆಟ್ಟಿಲು ಇಳಿದಂತೆ ವೇಗ ಇಳಿಸುವುದಿಲ್ಲ. ಸಿಲಿಂಡರಿನ ಭಾರಿ ಒತ್ತಡವನ್ನು ಇಳಿಸಿ ಒಂದೇ ಮಟ್ಟದಲ್ಲಿ ಹೊಡೆಯುವ ವಾಲ್ವಿಗೆ ಕೊಡುವ ಭಾಗ ರೆಗ್ಯುಲೇಟರ್. ರೈಫಲ್ ಸುಮ್ಮನಿದ್ದಷ್ಟು ಹೊತ್ತೂ ರೆಗ್ಯುಲೇಟರ್‌ನ ಆಚೆ ಬದಿಯಲ್ಲಿ ಒತ್ತಡ ಏರುತ್ತಿದೆ. ಬಲ್ಲವರು ಇದಕ್ಕೆ ಕ್ರೀಪ್ ಎನ್ನುತ್ತಾರೆ. ಪೂರ್ತಿ ಮುಚ್ಚಬೇಕಾದ ಬಾಗಿಲು ಪೂರ್ತಿ ಮುಚ್ಚುತ್ತಿಲ್ಲ, ಅಷ್ಟೇ.

ವೇಗದ ಈ ವ್ಯತ್ಯಾಸ ಗುರಿಹಲಗೆಯಲ್ಲಿ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದೆ. 168ರಲ್ಲಿ ಹೊರಟ ಪೆಲೆಟ್ ಹತ್ತು ಮೀಟರ್ ಕ್ರಮಿಸುವಷ್ಟರಲ್ಲಿ ಸುಮಾರು 17.4 ಮಿ.ಮೀ. ಕೆಳಗಿಳಿಯುತ್ತದೆ, 184ರಲ್ಲಿ ಹೊರಟದ್ದು 14.5. ವ್ಯತ್ಯಾಸ ಹೆಚ್ಚುಕಡಿಮೆ 3 ಮಿ.ಮೀ. ಹತ್ತು ಮೀಟರ್ ಗುರಿಹಲಗೆಯಲ್ಲಿ ಹತ್ತರ ಚುಕ್ಕೆಯ ವ್ಯಾಸ ಅರ್ಧ ಮಿ.ಮೀ., ಒಂದು ವಲಯದಿಂದ ಇನ್ನೊಂದಕ್ಕೆ ಎರಡೂವರೆ ಮಿ.ಮೀ. ದಶಾಂಶದ ಅಂಕದಲ್ಲಿ ಹೇಳುವುದಾದರೆ 10.9 ಆಗಬೇಕಾಗಿದ್ದ ಹೊಡೆತ 9.8. ಹುಡುಗಿ ತೋರಿಸಿದ ಹಳೆಯ ಕಾಗದಗಳಲ್ಲೂ ಮೊದಲ ತೂತು ಹೆಚ್ಚುಕಡಿಮೆ ಅಲ್ಲೇ ಇತ್ತು.

ಜುಲೈ 8: ಗಾಳಿ ಎಲ್ಲಿಂದ ಹೋಗುತ್ತಿದೆ

ಸಿಲಿಂಡರನ್ನು ಕಳಚಿ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟೆ. ಗುಳ್ಳೆಯೇ ಇಲ್ಲ. ಕಳಚಿಯೇ ಇಟ್ಟರೆ ಮರುದಿನವೂ 200. ಹಾಗಾದರೆ ಸಿಲಿಂಡರಿನ ಬಾಯಿಯ ವಾಲ್ವ್ ಸರಿಯಿದೆ, ರೈಫಲ್‌ನ ಮೈಯೇ ಸೋರುತ್ತಿದೆ. ರೈಫಲನ್ನು ನೀರಿನಲ್ಲಿ ಮುಳುಗಿಸುವಂತಿಲ್ಲ. ಮಕ್ಕಳ ಶಾಂಪೂವನ್ನು ನೀರಿನಲ್ಲಿ ಕಲಸಿ ಚಿತ್ರ ಬಿಡಿಸುವ ಸಣ್ಣ ಕುಂಚದಿಂದ ಕೀಲುಗಳಿಗೆಲ್ಲ ಹಚ್ಚಿದೆ.

ಸಿಲಿಂಡರ್ ಕೂರುವ ಥ್ರೆಡ್: ಇಲ್ಲ. ಗೇಜಿನ ಬುಡ: ಇಲ್ಲ. ನಳಿಗೆಯ ಬಾಯಿ: ಇಲ್ಲ. ಅಂದರೆ ಹೊಡೆಯುವ ವಾಲ್ವ್ ಗಟ್ಟಿಯಾಗಿದೆ. ಕೊನೆಗೆ ಮುಂಭಾಗದ ಕೆಳಗೆ, ಮರದ ಹಿಡಿಯೊಳಗೆ ಅಡಗುವ ಜಾಗದಲ್ಲಿ ಒಂದು ಮಿ.ಮೀ. ಕೂಡ ಇಲ್ಲದ ತೂತು ಕಾಣಿಸಿತು. ಅದರ ಮೇಲೆ ಶಾಂಪೂ ನೀರು ಹಚ್ಚಿ ದೀಪ ಹಿಡಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ತೂತಿನ ಬಾಯಿಯ ನೀರು ನಿಧಾನವಾಗಿ ಉಬ್ಬಿ, ಬಣ್ಣ ಹೊಳೆಯುತ್ತ ಅರ್ಧ ಗೋಲವಾಗಿ, ಒಡೆದು, ಮತ್ತೆ ಉಬ್ಬತೊಡಗಿತು.

ಇದು ರೆಗ್ಯುಲೇಟರ್‌ನ ಉಸಿರುತೂತು. ಗಾಳಿಯ ದಾರಿ ತೆರೆದು ಮುಚ್ಚುವ ಪಿಸ್ಟನ್ನಿನ ಹಿಂದೆ ವಾಷರ್‌ಗಳು ಕೂರುವ ಕೋಣೆ ಯಾವಾಗಲೂ ಹೊರಗಿನ ಗಾಳಿಯ ಒತ್ತಡದಲ್ಲೇ ಇರಬೇಕು, ಅದಕ್ಕಾಗಿ ಇಟ್ಟದ್ದು. ಇಲ್ಲಿಂದ ಗಾಳಿ ಬಂದರೆ ಪಿಸ್ಟನ್ನಿನ ಓ-ರಿಂಗ್ (ಸಂದಿ ಮುಚ್ಚುವ ರಬ್ಬರ್ ಬಳೆ) ಹೋಗಿದೆ ಎಂದೇ ಅರ್ಥ. ಕುಂಚದಿಂದ ಒರೆಸುವಾಗ ತೂತಿನ ಅಂಚಿನಲ್ಲಿ ಹಳದಿ ಪುಡಿ ಉದುರಿತು. ಎಪಾಕ್ಸಿ ಅಂಟು! ಹಿಂದೆ ಯಾರೋ ಮಹಾನುಭಾವರು ಸೋರುವ ತೂತನ್ನು ಕಂಡು ಅದನ್ನೇ ಮುಚ್ಚಿಬಿಟ್ಟಿದ್ದರು. ಇದನ್ನು ಯಾರೂ ಮಾಡಬಾರದು. ತೂತು ಮುಚ್ಚಿದರೆ ಸೋರಿದ ಗಾಳಿ ಪಿಸ್ಟನ್ನಿನ ಹಿಂದೆಯೇ ತುಂಬಿಕೊಂಡು ಅದನ್ನು ತೆರೆಯುವ ಕಡೆಗೆ ತಳ್ಳುತ್ತದೆ, ಆಚೆಗಿನ ಒತ್ತಡ ಏರುತ್ತಲೇ ಹೋಗುತ್ತದೆ. ಪುಣ್ಯಕ್ಕೆ ಅಂಟು ಹಿಡಿಯದೆ ಎದ್ದು ಹೋಗಿತ್ತು.

ಹೀಗೆ ಎರಡು ರೋಗ ಸಿಕ್ಕವು: ಪಿಸ್ಟನ್ನಿನ ಓ-ರಿಂಗ್ ಸೋರುತ್ತದೆ, ಪಿಸ್ಟನ್ನಿನ ಬಾಯಿ ಬಂದು ಕೂರುವ ಬಿಲ್ಲೆ, ಅಂದರೆ ಸೀಟ್, ಸರಿಯಾಗಿ ಮುಚ್ಚುವುದಿಲ್ಲ. ಎರಡೂ ಇರುವುದು ರೆಗ್ಯುಲೇಟರ್ ಒಳಗೇ.

ಜುಲೈ 12: ರೆಗ್ಯುಲೇಟರ್ ಹೊರಗೆ

ಪೆಲೆಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸಿಲಿಂಡರ್ ಕಳಚಿ, ಸುರಕ್ಷಿತ ದಿಕ್ಕಿಗೆ ಹಿಡಿದು ಖಾಲಿ ಹೊಡೆಯುತ್ತ ಹೋದೆ. ಗಾಳಿಯ ಸದ್ದು ಪೂರ್ತಿ ನಿಂತು ವಾಲ್ವನ್ನು ಬಡಿದು ತೆರೆಯುವ ಹ್ಯಾಮರ್‌ನ ಒಣ ಸದ್ದು ಮಾತ್ರ ಉಳಿಯುವವರೆಗೆ. ಗೇಜ್ ಸೊನ್ನೆ ತೋರಿಸಿತೆಂದು ನಂಬಿ ಕೂರುವ ಹಾಗಿಲ್ಲ. ಗೇಜ್ ಸಿಲಿಂಡರಿನ ಬದಿಯ ಒತ್ತಡ ಹೇಳುತ್ತದೆ, ರೆಗ್ಯುಲೇಟರ್ ಮತ್ತು ವಾಲ್ವ್ ನಡುವೆ ಸಿಕ್ಕಿಕೊಂಡದ್ದನ್ನು ಹೇಳುವುದಿಲ್ಲ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಬಿಚ್ಚಿದೆ.

ರೆಗ್ಯುಲೇಟರ್‌ನ ಮುಚ್ಚಳಕ್ಕೆ ಎರಡು ಸಣ್ಣ ಕುಳಿಗಳಿವೆ. ಸರ್ಕ್ಲಿಪ್ ಪ್ಲೈಯರ್‌ನ ಮೂತಿ ಅದರಲ್ಲಿಟ್ಟು ತಿರುಗಿಸಲು ನೋಡಿದರೆ ಜಾರಿ ಗೀರು ಬಿತ್ತು. ಅಲ್ಲಿಗೆ ಬಿಟ್ಟು, 6 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಗೆ ಎರಡು ತೂತು ಕೊರೆದು, ಮುರಿದ 3 ಮಿ.ಮೀ. ಡ್ರಿಲ್ ಬಿಟ್‌ನ ಬುಡಗಳನ್ನು ಅದರಲ್ಲಿ ಬಡಿದು ಕೂರಿಸಿ ಸ್ಪ್ಯಾನರ್ ಮಾಡಿಕೊಂಡೆ. ಒಂದೇ ಎಳೆತಕ್ಕೆ ಮುಚ್ಚಳ ಬಿಟ್ಟುಕೊಂಡಿತು.

ಒಳಗಿನ ಸ್ಥಿತಿ ನೋಡಿ ಒಂದು ಕ್ಷಣ ಕೈ ಕಟ್ಟಿ ಕೂತೆ. ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗೆ ಒಡೆದಿತ್ತು. ಬೆಲ್‌ವಿಲ್ ವಾಷರ್‌ಗಳು, ಅಂದರೆ ಸ್ಪ್ರಿಂಗಿನ ಬದಲು ಒಂದರ ಮೇಲೊಂದು ಎದುರುಬದುರಾಗಿ ಕೂರಿಸುವ ಕುಳಿಬಿದ್ದ ಉಕ್ಕಿನ ಬಿಲ್ಲೆಗಳು, ಅಂಚಿನುದ್ದಕ್ಕೂ ಕೆಂಪು ತುಕ್ಕು ಹಿಡಿದು ಎರಡೆರಡು ಅಂಟಿಕೊಂಡಿದ್ದವು. ಅಲ್ಯೂಮಿನಿಯಂ ಗೋಡೆಯಲ್ಲಿ ಬಿಳಿ ಪುಡಿ. ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಸೀಟಿನ ನಡುವೆ ಪಿಸ್ಟನ್ನಿನ ಬಾಯಿ ಒತ್ತಿ ಒತ್ತಿ ಮೂಡಿದ ವೃತ್ತ. ಆ ವೃತ್ತದ ಮೇಲೆ ಒಂದು ಕಡೆ, ಭೂತಗನ್ನಡಿಯಲ್ಲಿ ಮಾತ್ರ ಕಾಣುವಂತೆ, ತುಕ್ಕಿನ ಕಣವೊಂದು ಹೂತು ಕುಳಿತಿತ್ತು. ಕ್ರೀಪಿಗೆ ಅಷ್ಟು ಸಾಕು.

ಈ ನೀರು ಹೊರಗಿನಿಂದ ಚಿಮ್ಮಿದ್ದಲ್ಲ, ಗಾಳಿಯ ಜತೆಗೇ ಒಳಗೆ ಹೋದದ್ದು. ಕ್ಲಬ್ಬಿನಲ್ಲಿ ಸಿಲಿಂಡರ್ ತುಂಬುವುದು ಮೂರು ಹಂತದ ಕೈಪಂಪಿನಿಂದ, ತೆರೆದ ಜಗಲಿಯಲ್ಲಿ, ಮಳೆ ಸುರಿಯುತ್ತಿರುವಾಗಲೂ. ನಮ್ಮ ಕರಾವಳಿಯ ಜುಲೈ ಗಾಳಿಯ ಒಂದು ಘನ ಮೀಟರಿನಲ್ಲಿ ಸಲೀಸಾಗಿ 25 ಗ್ರಾಂ ನೀರಿನ ಆವಿ ಇರುತ್ತದೆ. 0.2 ಲೀಟರ್ ಸಿಲಿಂಡರನ್ನು 200 ಬಾರ್ ತುಂಬಿಸಲು ಹೊರಗಿನ 40 ಲೀಟರ್ ಗಾಳಿ ಬೇಕು. ಅದರಲ್ಲಿರುವ ನೀರು ಒಂದು ಗ್ರಾಂ, ಅಂದರೆ ಸುಮಾರು ಇಪ್ಪತ್ತು ಹನಿ. ಪಂಪಿನ ಬುಡದಲ್ಲಿ ಒಂದಿಷ್ಟು ನಿಂತರೂ ಉಳಿದದ್ದು ರೈಫಲ್‌ಗೇ ಹೋಗುತ್ತದೆ. ಪಂಪಿನ ಹೊಟ್ಟೆಯಲ್ಲಿದ್ದ ತೇವ ಹೀರುವ ಸಿಲಿಕಾ ಜೆಲ್ ಯಾವತ್ತೋ ಹಸಿರಾಗಿತ್ತು. ಒಣಗಿದ್ದಾಗ ಅದು ಕಿತ್ತಳೆ ಬಣ್ಣ ಇರಬೇಕು.

ವಾಷರ್‌ಗಳ ದಿಕ್ಕನ್ನು ಫೋಟೊ ತೆಗೆದುಕೊಂಡು, ನೂಲಿನಲ್ಲಿ ಅದೇ ಕ್ರಮದಲ್ಲಿ ಪೋಣಿಸಿಟ್ಟೆ. ಒಂದು ವಾಷರ್ ತಿರುವುಮುರುವಾದರೂ ಒತ್ತಡ ಬೇರೆಯೇ ಆಗುತ್ತದೆ.

ಜುಲೈ 14ರಿಂದ: ಓ-ರಿಂಗ್

ಹಳೆಯ ರಿಂಗಿನ ಒಳವ್ಯಾಸ 6 ಮಿ.ಮೀ., ದಪ್ಪ 2 ಮಿ.ಮೀ. ಮಲ್ಪೆ ಬಂದರಿನ ಬಳಿ ಬೋಟಿನ ಹೈಡ್ರಾಲಿಕ್ ಸಾಮಾನು ಮಾರುವ ಅಂಗಡಿಗೆ ಹೋದೆ. ಜುಲೈ ಕೊನೆಯವರೆಗೆ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ, ರಿಪೇರಿ ಕೆಲಸದ ಭರಾಟೆ. ಅಂಗಡಿಯವರು ಡಬ್ಬಿ ಸುರಿದು ಒಂದು ರಿಂಗ್ ಆರಿಸಿ ಕೊಟ್ಟರು. ಕಣ್ಣಿಗೆ ಅದೇ. ವರ್ನಿಯರ್ ಹಾಕಿದರೆ ದಪ್ಪ 1.78. ಇಂಚಿನ ಲೆಕ್ಕದ ರಿಂಗ್ ಅದು, ಒಳವ್ಯಾಸ 6.07 ಇರುವುದರಿಂದ ಬೆರಳಿಗೆ ಒಂದೇ ಅನ್ನಿಸುತ್ತದೆ. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನ ಆಳ 1.6 ಮಿ.ಮೀ. ಎರಡು ಮಿಲಿಮೀಟರ್ ರಿಂಗ್ ಅಲ್ಲಿ ಶೇಕಡ 20ರಷ್ಟು ಒತ್ತಿ ಕೂರುತ್ತದೆ, 1.78ರದ್ದು ಶೇಕಡ 10 ಮಾತ್ರ. ಬೇಡವೆಂದೆ.

“ಇದು ಬೋಟಿಗೆ ನಡೆಯುತ್ತದೆ, ನಿಮ್ಮ ಕೋವಿಗೆ ನಡೆಯುವುದಿಲ್ಲವಾ ಮಾರಾಯರೇ?” ಎಂದು ಅವರು ನಕ್ಕರು. ನಕ್ಕರೂ ಒಳಗೆ ಹೋಗಿ 2 ಮಿ.ಮೀ. ದಪ್ಪದ್ದನ್ನು ಹುಡುಕಿ ತಂದುಕೊಟ್ಟರು. ಅದು 70 ಶೋರ್ ಗಡಸುತನದ ನೈಟ್ರೈಲ್ ರಬ್ಬರ್. ಅದಕ್ಕಿಂತ ಗಟ್ಟಿಯಾದ 90 ಶೋರ್ ಇರಲಿಲ್ಲ. ನೋಡೋಣವೆಂದು ಅದನ್ನೇ ಹಾಕಿ, ಸೀಟನ್ನು ಸದ್ಯಕ್ಕೆ ಮಗುಚಿಟ್ಟು ಜೋಡಿಸಿದೆ. ಸಂಜೆ ಉಸಿರುತೂತಿನಲ್ಲಿ ಗುಳ್ಳೆ ಇರಲಿಲ್ಲ. ಬೆಳಿಗ್ಗೆ ಮತ್ತೆ ಉಬ್ಬುತ್ತಿತ್ತು. ಬಿಚ್ಚಿ ನೋಡಿದರೆ ರಿಂಗಿನ ಒಂದು ಅಂಚು ಇಲಿ ಕಡಿದ ಹಾಗೆ ಹರಿದಿತ್ತು: 200 ಬಾರ್ ಒತ್ತಡಕ್ಕೆ ಮೆತ್ತಗಿನ ರಬ್ಬರ್ ಪಿಸ್ಟನ್ ಮತ್ತು ಗೋಡೆಯ ನಡುವಿನ ಸಂದಿಗೆ ನುಗ್ಗಿ ಕತ್ತರಿಸಿಕೊಂಡಿದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 90 ಶೋರ್ ರಿಂಗ್‌ಗಳನ್ನು ಕೊರಿಯರ್‌ನಲ್ಲಿ ತರಿಸಿದೆ. ಅದರ ಜತೆಯಲ್ಲೇ ವಾಷರ್‌ಗಳೂ: 12.5 ಹೊರವ್ಯಾಸ, 6.2 ಒಳವ್ಯಾಸ, 0.7 ದಪ್ಪ. ಡಿಐಎನ್ 2093 ಎಂದು ಹೇಳಿದರೆ ಸಾಕು, ಬೇರಿಂಗ್ ಅಂಗಡಿಯವರಿಗೆ ಅರ್ಥವಾಗುತ್ತದೆ. ಹಳೆಯವುಗಳಲ್ಲಿ ತುಕ್ಕು ಮೇಲ್ಮೇಲೆ ಇದ್ದವನ್ನು ಉಜ್ಜಿ ಬಳಸಬಹುದಿತ್ತು. ಕುಳಿ ಬಿದ್ದ ಉಕ್ಕು ಒಂದಲ್ಲ ಒಂದು ದಿನ ಅಲ್ಲಿಂದಲೇ ಸೀಳುತ್ತದೆಂದು ಪೂರ್ತಿ ಸೆಟ್ಟನ್ನೇ ಬದಲಿಸಿದೆ.

ಜುಲೈ 20: ಸೀಟ್

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಇದೇ. ಸೀಟ್ ಎಂದರೆ 8 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಒಂದು ಪ್ಲಾಸ್ಟಿಕ್ ಬಿಲ್ಲೆ. ಮಗುಚಿ ಹಾಕಿದ ಬದಿಯಲ್ಲೂ ಗೀರುಗಳಿದ್ದವು. ಗಾಜಿನ ಮೇಲೆ 600 ನಂಬರ್ ಕಾಗದವಿಟ್ಟು ಉಜ್ಜಿದೆ. ಕಣ್ಣಿಗೆ ಸಮತಟ್ಟಾಗಿ ಕಂಡಿತು.

ಪರೀಕ್ಷೆಗೆ ಹೊಡೆಯುವ ವಾಲ್ವನ್ನೇ ತೆಗೆದು, ಆ ಜಾಗಕ್ಕೆ ಹಿತ್ತಾಳೆಯ ಬಿರಡೆ ಮಾಡಿಸಿ ಅದರ ಮೇಲೆ ಗೇಜ್ ಕೂರಿಸಿದ್ದೆ. ಗೇಜ್ 250 ಬಾರ್‌ನದು. ರೆಗ್ಯುಲೇಟರ್ ಕೊಡುವುದು ಎಪ್ಪತ್ತು ಚಿಲ್ಲರೆ ಬಾರ್ ತಾನೇ, 160ರ ಗೇಜ್ ಸಾಕಲ್ಲವೇ ಎಂದು ಲೇತ್ ಮೇಸ್ತ್ರಿ ಕೇಳಿದರು. ಸಾಲದು. ಸೀಟ್ ಕೈಕೊಟ್ಟರೆ ಸಿಲಿಂಡರಿನ 200 ಬಾರ್ ಇಡಿಯಾಗಿ ಗೇಜಿಗೇ ಬರುತ್ತದೆ. ಪರೀಕ್ಷೆ ನಡೆಯುವಷ್ಟು ಹೊತ್ತೂ ಗೇಜಿನ ಮುಂದೆ ಮುಖವಿಡಲಿಲ್ಲ. ದಪ್ಪ ಪ್ಲೈವುಡ್ ಹಲಗೆಯ ಮರೆಯಿಂದ ಮೊಬೈಲ್ ಕ್ಯಾಮೆರಾದಲ್ಲಿ ಓದಿದೆ.

ಸಿಲಿಂಡರ್ ಹಾಕಿದ ಕೂಡಲೇ 73. ಒಂದು ಗಂಟೆಗೆ 88. ಹಳೆಯ ಸೀಟಿಗಿಂತ ಏನೂ ಉತ್ತಮವಲ್ಲ. 600 ನಂಬರ್ ಕಾಗದ ಬಿಟ್ಟುಹೋದ ಗೆರೆಗಳೇ ಗಾಳಿಗೆ ಕಾಲುವೆಯಾಗಿವೆ.

ಬೈಕಂಪಾಡಿಯ ಲೇತ್ ಮೇಸ್ತ್ರಿಯಿಂದ ಡೆಲ್ರಿನ್ ಸರಳಿನಲ್ಲಿ ಹೊಸ ಬಿಲ್ಲೆಗಳನ್ನು ಮಾಡಿಸಿದೆ. ಮೊದಲಿನದರ ದಪ್ಪ 3.2 ಬಂದಿತ್ತು. ಎರಡು ದಶಾಂಶ ತಾನೇ ಎಂದು ಹಾಕಿದರೆ ಒತ್ತಡ 60ಕ್ಕೇ ನಿಂತಿತು: ಸೀಟ್ ದಪ್ಪವಾದಷ್ಟೂ ಪಿಸ್ಟನ್ ಬೇಗ ತಾಗುತ್ತದೆ, ಬಾಗಿಲು ಬೇಗ ಮುಚ್ಚುತ್ತದೆ. ಆದರೆ 60ರಲ್ಲಿ ಅಲುಗಾಡದೆ ನಿಂತಿತ್ತು, ಅದೇ ಸಮಾಧಾನ. ಮೇಸ್ತ್ರಿ ಅದನ್ನು 3.00ಕ್ಕೆ ತಂದುಕೊಟ್ಟರು. ಮುಖವನ್ನು 2000 ನಂಬರ್ ಕಾಗದದ ಮೇಲೆ ನೀರು ಹಾಕಿ, ಎಂಟರ ಆಕಾರದಲ್ಲಿ, ಬೆರಳಿನ ಭಾರ ಮಾತ್ರ ಬಿಟ್ಟು ತಿಕ್ಕಿದೆ. ಪಿಸ್ಟನ್ನಿನ ಬಾಯಿಯನ್ನು ಮುಟ್ಟಲಿಲ್ಲ. ಅದರ ಅಂಚು ಹರಿತವಾಗಿಯೇ ಇತ್ತು, ಅಲ್ಲಿ ಕೈಯಾಡಿಸಿದರೆ ರಿಪೇರಿ ಹೋಗಿ ಹೊಸ ಪಿಸ್ಟನ್ ಹುಡುಕಬೇಕಾಗುತ್ತದೆ.

ಜುಲೈ 26: ಜೋಡಣೆ

ಎಲ್ಲ ಭಾಗಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಒಂದು ರಾತ್ರಿ ಎಸಿ ಕೋಣೆಯಲ್ಲಿ ಒಣಗಲು ಬಿಟ್ಟೆ. ಓ-ರಿಂಗ್‌ಗಳಿಗೆ ಶುದ್ಧ ಸಿಲಿಕೋನ್ ಗ್ರೀಸ್, ಅದೂ ರಿಂಗ್ ಹೊಳೆಯುವಷ್ಟೇ. ಅಧಿಕ ಒತ್ತಡದ ಗಾಳಿ ಓಡಾಡುವ ಜಾಗಕ್ಕೆ ಮೆಷಿನ್ ಎಣ್ಣೆ, ಪೆಟ್ರೋಲಿಯಂ ಗ್ರೀಸ್, ಕೀಲಿಗೆ ಹೊಡೆಯುವ ಸ್ಪ್ರೇ ಯಾವುದೂ ಕೂಡದು. ಗಾಳಿ ಫಕ್ಕನೆ ಒತ್ತಿಕೊಂಡಾಗ ಆಗುವ ಬಿಸಿಗೆ ಎಣ್ಣೆ ಹತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ ಓಡುವುದೇ ಹಾಗೆ. ಇದೇ ಕಾರಣಕ್ಕೆ ಆಸ್ಪತ್ರೆಯ ಆಮ್ಲಜನಕ ತುಂಬಿಸಿಕೊಡುತ್ತೀರಾ ಎಂದು ಕೇಳುವವರನ್ನು ಬಾಗಿಲಿನಿಂದಲೇ ಕಳಿಸುತ್ತೇನೆ.

ಗೇಜ್ ಓದಿದ್ದು: ಹಾಕಿದ ಕೂಡಲೇ 72. ಐದು ನಿಮಿಷಕ್ಕೆ 73. ಒಂದು ಗಂಟೆಗೆ 73. ಬೆಳಿಗ್ಗೆ 74. ಉಸಿರುತೂತಿನ ಶಾಂಪೂ ನೀರು ಇದ್ದಲ್ಲೇ ಒಣಗಿತ್ತು.

ಜುಲೈ 27: ಹ್ಯಾಮರ್ ಸ್ಪ್ರಿಂಗ್

ರೆಗ್ಯುಲೇಟರ್ ನೆಟ್ಟಗಾದ ಮೇಲೆಯೇ ಇದನ್ನು ಮುಟ್ಟಬೇಕು. ಒತ್ತಡವೇ ಓಲಾಡುತ್ತಿರುವಾಗ ಸ್ಪ್ರಿಂಗ್ ತಿರುಗಿಸುತ್ತ ಕೂತರೆ ದಿನ ಹೋಗುತ್ತದೆ, ಪೆಲೆಟ್ ಡಬ್ಬಿಯೂ ಹೋಗುತ್ತದೆ. ಸ್ಕ್ರೂವನ್ನು ಪೂರ್ತಿ ಸಡಿಲಿಸಿ ಅರ್ಧರ್ಧ ಸುತ್ತು ಬಿಗಿಮಾಡುತ್ತ, ಪ್ರತಿ ಹಂತದಲ್ಲೂ ಐದು ಹೊಡೆತಗಳ ಸರಾಸರಿ ತೆಗೆದೆ:

ಸಡಿಲ: 148
ಅರ್ಧ ಸುತ್ತು: 156
ಒಂದು: 162
ಒಂದೂವರೆ: 166
ಎರಡು: 168
ಎರಡೂವರೆ: 168
ಮೂರು: 167

ಎರಡರ ನಂತರ ಬಿಗಿ ಮಾಡಿದಷ್ಟೂ ಗಾಳಿ ವ್ಯರ್ಥ, ಒದೆತ ಹೆಚ್ಚು, ವೇಗ ಮಾತ್ರ ಅಲ್ಲೇ. ಏರಿಕೆ ನಿಲ್ಲುವ ಆ ಜಾಗಕ್ಕಿಂತ ತುಸು ಹಿಂದೆ, ಒಂದೂ ಮುಕ್ಕಾಲು ಸುತ್ತಿನಲ್ಲಿ ನಿಲ್ಲಿಸಿದೆ. ವೇಗ 167. ಶಕ್ತಿ 7.4 ಜೌಲ್, ಎಫ್ ಮುದ್ರೆಯ ಮಿತಿಯ ಒಳಗೆ. ಹಳೆಯ ಮೊದಲ ಹೊಡೆತದ 184 ಎಂದರೆ ಒಂಬತ್ತು ಜೌಲ್‌ನಷ್ಟಾಗುತ್ತಿತ್ತು.

ಮರುದಿನ ಬೆಳಿಗ್ಗೆ, ರಾತ್ರಿಯಿಡೀ ಇಟ್ಟ ರೈಫಲ್‌ನಿಂದ: 169, 168, 167, 167, 166, 167, 167, 168, 167, 167.

ಮೊದಲ ಹೊಡೆತ ಈಗಲೂ ಎರಡು ಮೀಟರ್ ಹೆಚ್ಚು. ಹಲಗೆಯ ಮೇಲೆ ಅದು ಅರ್ಧ ಮಿಲಿಮೀಟರ್ ಕೂಡ ಅಲ್ಲ. ಸ್ಪರ್ಧೆಗೆ ಮುಂಚಿನ ಹದಿನೈದು ನಿಮಿಷದ ಸಿದ್ಧತೆಯಲ್ಲಿ ಲೆಕ್ಕಕ್ಕಿಲ್ಲದ ಹೊಡೆತಗಳು ಬೇಕಾದಷ್ಟು ಇರುತ್ತವೆ. ಇದರ ಹಿಂದೆ ಬೀಳುವುದು ಬೇಡವೆಂದು ತೀರ್ಮಾನಿಸಿದೆ.

ಆಗಸ್ಟ್ 2: ನಳಿಗೆ, ಪೆಲೆಟ್

ನಳಿಗೆ ಸವೆದಿದೆ ಎಂಬ ಕೋಚ್ ಮಾತನ್ನೂ ಪರೀಕ್ಷಿಸಬೇಕಿತ್ತು. ಉಕ್ಕಿನ ಸರಳು ತೂರಿಸಿ ಶುಚಿ ಮಾಡುವುದು ನನಗೆ ಇಷ್ಟವಿಲ್ಲ, ನಳಿಗೆಯ ತುದಿಯ ಅಂಚು ಹಾಳಾಗುತ್ತದೆ. ದಪ್ಪ ನೈಲಾನ್ ಗಾಳದ ದಾರವನ್ನು ಮಡಚಿ, ಕುಣಿಕೆಗೆ ಬಟ್ಟೆ ಚೂರು ಸಿಕ್ಕಿಸಿ, ಪೆಲೆಟ್ ಹಾಕುವ ಕಡೆಯಿಂದ ಬಾಯಿಯ ಕಡೆಗೆ ಎಳೆದೆ. ಮೊದಲು ಬಂದ ಬಟ್ಟೆಗಳು ಕರ್ರಗೆ, ಆಮೇಲಿನವು ಬೂದು. ಕೊನೆಗೆ ಉಣ್ಣೆಯ ಶುಚಿ ಪೆಲೆಟ್ ಎರಡೆರಡು ಸೇರಿಸಿ ಹೊಡೆದೆ.

ರೈಫಲನ್ನು ಮರದ ದವಡೆ ಹಾಕಿದ ಬೆಂಚ್ ವೈಸ್‌ನಲ್ಲಿ ಬಿಗಿದು, 10 ಮೀಟರ್‌ಗೆ ಹತ್ತು ಹತ್ತು ಹೊಡೆತದ ಗುಂಪು. ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳತೆ. ರಿಪೇರಿಗೆ ಮೊದಲು ಅಗಲ 7, ಎತ್ತರ 10 ಮಿ.ಮೀ. ಇತ್ತು, ಅಗಲ ಸರಿಯಿದ್ದು ಎತ್ತರ ಮಾತ್ರ ಹಿಗ್ಗಿದ್ದೇ ನಳಿಗೆ ನಿರ್ದೋಷಿ ಎನ್ನುವುದಕ್ಕೆ ಸಾಕ್ಷಿ. ಈಗ ತಲೆಯ ವ್ಯಾಸ 4.49 ಮಿ.ಮೀ. ಇರುವ ಪೆಲೆಟ್‌ನ ಗುಂಪು 7.5 ಮಿ.ಮೀ., 4.50ರದ್ದು 6.5, 4.51ರದ್ದು 7. ಪೆಲೆಟ್‌ನ ತೂತೇ ನಾಲ್ಕೂವರೆ ಎಂದ ಮೇಲೆ 6.5 ಎಂದರೆ ನಡುಬಿಂದುಗಳ ಹರವು 2 ಮಿ.ಮೀ. ಮಾತ್ರ. ಕಾಗದವನ್ನು ಕೋಚ್ ಕೈಗೆ ಕೊಟ್ಟೆ. ಅವರು ನಳಿಗೆಯ ಮಾತು ಮತ್ತೆ ಎತ್ತಲಿಲ್ಲ.

ಸಿಲಿಂಡರ್ ಮತ್ತು ಗಾಳಿ

ಕ್ಲಬ್ಬಿನಲ್ಲಿ ಇದಕ್ಕೆ ಎರಡು ಸಿಲಿಂಡರ್ ಇವೆ. ಅವುಗಳ ಮೇಲಿನ ತಾರೀಖು ಓದಿದಾಗ ಒಂದರ ಹತ್ತು ವರ್ಷದ ಅವಧಿ ಮುಗಿದು ಹೋಗಿತ್ತು.

“ನೋಡಲು ಹೊಸದರ ಹಾಗೇ ಇದೆ. ಅಭ್ಯಾಸಕ್ಕೆ ಇನ್ನೊಂದು ವರ್ಷ ನಡೆಯುತ್ತದಲ್ಲ ಸರ್?” ಎಂದರು ಕೋಚ್.

ನಾನು ತುಂಬಿಸಿಕೊಡುವುದಿಲ್ಲ ಎಂದೆ. ಸ್ಪರ್ಧೆಯಲ್ಲಿ ಸಿಲಿಂಡರಿನ ಅವಧಿಗೆ ಶೂಟರೇ ಹೊಣೆ ಎಂದು ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ. ನಿಯಮದ ಮಾತು ಹಾಗಿರಲಿ, 200 ಬಾರ್ ಇರುವ ಅಲ್ಯೂಮಿನಿಯಂ ಕೊಳವೆಯ ಪಕ್ಕದಲ್ಲೇ ಹದಿನಾಲ್ಕು ವರ್ಷದ ಹುಡುಗಿಯ ಕೆನ್ನೆ ಇರುತ್ತದೆ. ಅದರ ಒಳಗೂ ಇದೇ ನೀರು ಎಷ್ಟು ಕಾಲ ನಿಂತಿತ್ತೋ ನೋಡಿದವರಿಲ್ಲ. ಖಾಲಿ ಮಾಡಿ, ವಾಲ್ವ್ ಕಳಚಿ, ಹೊಟ್ಟೆಗೆ 8 ಮಿ.ಮೀ. ತೂತು ಕೊರೆದು ಕೊಟ್ಟೆ. ಇನ್ನು ಯಾರೂ ಆಸೆಪಡುವಂತಿಲ್ಲ.

ಒಣ ಗಾಳಿಗೆ ಸರಿಯಾದ ದಾರಿ ಎಂದರೆ ಮುಳುಗುಗಾರರ 12 ಲೀಟರ್ ಸಿಲಿಂಡರ್. ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಕರೆದೊಯ್ಯುವವರ ಬಳಿ ಉಸಿರಾಟದ ಗಾಳಿ ತುಂಬುವ ಕಂಪ್ರೆಸರ್ ಇರುತ್ತದೆ. ನಮ್ಮ ಸಿಲಿಂಡರನ್ನು 100ರಿಂದ 200ಕ್ಕೆ ಏರಿಸಲು 20 ಲೀಟರ್ ಗಾಳಿ ಸಾಕು, ದೊಡ್ಡ ಸಿಲಿಂಡರ್ ಪ್ರತಿ ಸಲ ಎರಡು ಬಾರ್‌ಗಿಂತ ಕಡಿಮೆ ಇಳಿಯುತ್ತದೆ. ಆದರೆ ಮಳೆಗಾಲದಲ್ಲಿ ಸ್ಕೂಬಾ ಬಂದ್. ಅಲ್ಲಿಯವರೆಗೆ ಕೈಪಂಪನ್ನು ಜಗಲಿಯಿಂದ ಕ್ಲಬ್ಬಿನ ಎಸಿ ಇರುವ ಕಂಪ್ಯೂಟರ್ ಕೋಣೆಗೆ ಸಾಗಿಸಿದ್ದೇವೆ. ಅಲ್ಲಿನ ಗಾಳಿಯಲ್ಲಿ ನೀರು ಹೊರಗಿನ ಅರ್ಧಕ್ಕಿಂತ ಕಡಿಮೆ. ಸಿಲಿಕಾ ಜೆಲ್ ಬದಲಿಸಿದ್ದೇವೆ, ಐವತ್ತು ಸಲ ಒತ್ತಿದ ಮೇಲೆ ನಿಲ್ಲಿಸಿ ಪಂಪ್ ತಣಿದ ನಂತರ ತೇವ ಹೊರಬಿಡುವ ಸ್ಕ್ರೂ ಬಿಚ್ಚಬೇಕೆಂದು ಗೋಡೆಗೆ ಚೀಟಿ ಅಂಟಿಸಿದ್ದೇವೆ. ಅಭ್ಯಾಸ ಮುಗಿದ ಕೂಡಲೇ ಸಿಲಿಂಡರ್ ಕಳಚಿಡಬೇಕೆಂದು ಅದರ ಕೆಳಗೆ ಇನ್ನೊಂದು.

ಖರ್ಚು

ಮಲ್ಪೆಯ ರಿಂಗ್‌ಗಳು 60 ರೂಪಾಯಿ, ದಂಡ. 90 ಶೋರ್ ರಿಂಗ್ ಕೊರಿಯರ್ ಸಹಿತ 340. ವಾಷರ್ 290. ಡೆಲ್ರಿನ್ ಸರಳು 180, ಲೇತ್ ಕೂಲಿ 500. ಹಿತ್ತಾಳೆ ಬಿರಡೆ 400, ಗೇಜ್ 650. ಇವೆರಡೂ ಮುಂದಿನ ರೈಫಲ್‌ಗೂ ಆಗುತ್ತವೆ. ಸಿಲಿಕೋನ್ ಗ್ರೀಸ್ 420. ಉಣ್ಣೆ ಪೆಲೆಟ್ 550. ಒಟ್ಟು 3,390. ಹೊಸ ಸಿಲಿಂಡರಿಗೆ ಕೇಳಿದ ಬೆಲೆ ಇದರ ಎಂಟು ಪಟ್ಟು. ಅದಕ್ಕೆ ಕ್ಲಬ್ ದುಡ್ಡು ಒಟ್ಟು ಮಾಡುತ್ತಿದೆ.

ಬಾಕಿ ಉಳಿದದ್ದು ಟ್ರಿಗರ್. ಎರಡನೆಯ ಹಂತದಲ್ಲಿ ಸಣ್ಣಗೆ ಎಳೆದಂತಾಗುತ್ತದೆ ಎನ್ನುತ್ತಾಳೆ ಹುಡುಗಿ. ವೇಗ ಓಲಾಡುತ್ತಿದ್ದಾಗ ಅವಳಿಗೆ ಇದು ಗೊತ್ತೇ ಆಗಿರಲಿಲ್ಲವಂತೆ. ತೂಕದ ಗೇಜ್ ಹಾಕಿ ಅಳೆದಿದ್ದೇನೆ, ಒಂದು ಸಲ 90 ಗ್ರಾಂ, ಇನ್ನೊಂದು ಸಲ 120. ಹ್ಯಾಮರನ್ನು ಹಿಡಿದಿಡುವ ಕೊಂಡಿಯ, ಅಂದರೆ ಸೀರ್‌ನ, ಮೂತಿಯಲ್ಲೂ ತುಕ್ಕು ಇರಬಹುದು. ಮುಂದಿನ ವಾರ ಬಿಚ್ಚುತ್ತೇನೆ.